ಶೇರು ಬಿಟ್ಟುಕೊಡದೆ ಬಂಡವಾಳ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಟಾರ್ಟಪ್ ಅನುದಾನ, ಇನ್‌ಕ್ಯುಬೇಟರ್ (ಹೊಸ ಕಂಪೆನಿಗೆ ಜಾಗ, ಲ್ಯಾಬ್, ಮಾರ್ಗದರ್ಶನ ಕೊಡುವ ಕೇಂದ್ರ), ಆಕ್ಸಲರೇಟರ್ (ಕಂಪೆನಿ ಬೇಗ ಬೆಳೆಯಲು ನಡೆಸುವ ತರಬೇತಿ ಕಾರ್ಯಕ್ರಮ) ಇವುಗಳ ಬಗ್ಗೆ ಕರಾವಳಿಯ ಓದುಗರಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದು ಮಾಡಿದ್ದೇವೆ. ಈ ಯೋಜನೆಗಳ ಬಾಗಿಲು ವರ್ಷವಿಡೀ ತೆರೆದಿರುವುದಿಲ್ಲ. ಇಲ್ಲಿ ಹೇಳಿದ ಮೊತ್ತ, ಷರತ್ತುಗಳನ್ನು ಅರ್ಜಿ ಹಾಕುವ ದಿನದ ಪ್ರಕಟಣೆಯ ಜೊತೆ ಒಮ್ಮೆ ತಾಳೆ ನೋಡಿಕೊಳ್ಳಿ.

*

ಪ್ರಶ್ನೆ: ನಾವಿಬ್ಬರು ಎಂಜಿನಿಯರುಗಳು. ಮೀನುಗಾರಿಕೆ ಬೋಟಿನ ಐಸ್ ಕೋಣೆಯ ಒಳಗಿನ ತಾಪಮಾನ ದಾಖಲಿಸುವ ಸಾಧನ ಮಾಡುತ್ತಿದ್ದೇವೆ. ಮೇಜಿನ ಮೇಲೆ ಸರಿಯಾಗಿ ಕೆಲಸ ಮಾಡುತ್ತದೆ. ಕಂಪೆನಿ ಮಾಡಿಲ್ಲ, ಒಬ್ಬನ ಹೆಸರಿನ ಪ್ರೊಪ್ರೈಟರ್‌ಶಿಪ್ ಮಾತ್ರ ಉಂಟು. ಮೊದಲು ಯಾವುದಕ್ಕೆ ಅರ್ಜಿ ಹಾಕುವುದು?
– ಮಲ್ಪೆಯ ಇಬ್ಬರು ಗೆಳೆಯರು

ಉತ್ತರ: ಕಂಪೆನಿ ಮಾಡದೇ ಇದ್ದದ್ದು ಒಳ್ಳೆಯದೇ ಆಯಿತು. ಅನುದಾನಗಳಲ್ಲಿ ಯಾವುದನ್ನು ಮೊದಲು ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ ಮುಂದಿನದು ಸಿಗುವುದೋ ತಪ್ಪುವುದೋ ನಿಂತಿದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆ 2021ರಲ್ಲಿ ಶುರುವಾದದ್ದು. ಪ್ರೊಟೊಟೈಪ್ (ಮೊದಲ ಮಾದರಿ), ಪರೀಕ್ಷಾ ಪ್ರಯೋಗಗಳಿಗೆ ಇನ್‌ಕ್ಯುಬೇಟರ್ ಮೂಲಕ 20 ಲಕ್ಷ ರೂಪಾಯಿವರೆಗೆ ಅನುದಾನ. ಷರತ್ತುಗಳಲ್ಲಿ ಎರಡನ್ನು ಗೋಡೆಗೆ ಅಂಟಿಸಿಡಿ. ಒಂದು, ಅರ್ಜಿ ಹಾಕುವ ದಿನಕ್ಕೆ ಸಂಸ್ಥೆ ನೋಂದಣಿಯಾಗಿ 2 ವರ್ಷ ದಾಟಿರಬಾರದು. ಎರಡು, ಕೇಂದ್ರ ಅಥವಾ ರಾಜ್ಯ ಸರಕಾರದ ಬೇರೆ ಯೋಜನೆಗಳಿಂದ 10 ಲಕ್ಷಕ್ಕಿಂತ ಹೆಚ್ಚು ಹಣ ಪಡೆದಿರಬಾರದು. ಸ್ಪರ್ಧೆಗಳಲ್ಲಿ ಗೆದ್ದ ಬಹುಮಾನ, ರಿಯಾಯಿತಿಯ ಜಾಗ, ಸ್ಥಾಪಕರ ತಿಂಗಳ ಭತ್ಯೆ, ಲ್ಯಾಬ್ ಬಳಕೆ ಈ 10 ಲಕ್ಷದ ಲೆಕ್ಕಕ್ಕೆ ಬರುವುದಿಲ್ಲ. ಈಗ ಯೋಚಿಸಿ: ರಾಜ್ಯ ಸರಕಾರದ ಎಲಿವೇಟ್ ಎಂಬ ಅನುದಾನ ಯೋಜನೆಯಲ್ಲಿ 50 ಲಕ್ಷದವರೆಗೆ ಸಿಗುತ್ತದೆ. ಅದೇ ದೊಡ್ಡದು ಎಂದು ಮೊದಲು ಅಲ್ಲಿಗೆ ಹೋಗಿ 25 ಲಕ್ಷ ತಂದರೆ, ಸೀಡ್ ಫಂಡಿನ ಬಾಗಿಲು ಅಲ್ಲಿಗೆ ಮುಚ್ಚಿತು.

ಹಾಗಾಗಿ ನಿಮಗೆ ನಾವು ಹೇಳುವ ಸರದಿ ಹೀಗೆ. ಮೊದಲು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್. ಪ್ರೊಟೊಟೈಪಿಗೆ 10 ಲಕ್ಷದವರೆಗೆ, ಅಂದರೆ ಸೀಡ್ ಫಂಡಿನ ಮಿತಿಯನ್ನು ದಾಟುವುದಿಲ್ಲ. ಕಂಪೆನಿ ಇಲ್ಲದ ವ್ಯಕ್ತಿಯೂ ಅರ್ಜಿ ಹಾಕಬಹುದು. ಕೈಯಲ್ಲಿ ಹಿಡಿಯುವ ವಸ್ತು ಇರಬೇಕು, ಬರೀ ಆ್ಯಪ್ ಆದರೆ ಆಗದು, ನಿಮ್ಮದು ವಸ್ತುವೇ. ಅದು ಸಮುದ್ರದಲ್ಲಿ ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೆ ಪ್ರೈವೇಟ್ ಲಿಮಿಟೆಡ್ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿ, ಡಿಪಿಐಐಟಿ (ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ) ಕೊಡುವ ಸ್ಟಾರ್ಟಪ್ ಮಾನ್ಯತೆ ತೆಗೆದುಕೊಂಡು ಸೀಡ್ ಫಂಡ್. ಎಲಿವೇಟ್ ಕೊನೆಗೆ. ಪ್ರೊಪ್ರೈಟರ್‌ಶಿಪ್‌ಗೆ ಡಿಪಿಐಐಟಿ ಮಾನ್ಯತೆ ಇಲ್ಲ. ಇದ್ದ ವ್ಯವಹಾರವನ್ನು ಒಡೆದೋ ಮರುರೂಪಿಸಿಯೋ ಕಟ್ಟಿದ ಸಂಸ್ಥೆಗೂ ಇಲ್ಲ. ಆದ್ದರಿಂದ ಈ ಸಾಧನದ ಒಂದು ಬಿಲ್ಲನ್ನೂ ಹಳೆಯ ಪ್ರೊಪ್ರೈಟರ್‌ಶಿಪ್ ಹೆಸರಿನಲ್ಲಿ ಮಾಡಬೇಡಿ.

ಕಂಪೆನಿ ಮಾಡಿದ ಮೇಲೆ ಹೆಚ್ಚಿನವರು ಎಡವುವುದು ಒಂದು ಸಣ್ಣ ಫಾರ್ಮಿನಲ್ಲಿ. ಶೇರು ಬಂಡವಾಳವನ್ನು ಕಂಪೆನಿಯ ಖಾತೆಗೆ ಹಾಕಿ, ನೋಂದಣಿಯಾದ 180 ದಿನದೊಳಗೆ ಐಎನ್‌ಸಿ-20ಎ (ವ್ಯವಹಾರ ಆರಂಭದ ಘೋಷಣೆ) ಸಲ್ಲಿಸಬೇಕು. ತಪ್ಪಿದರೆ ಕಂಪೆನಿಗೆ 50,000 ರೂಪಾಯಿ ದಂಡ, ನಿರ್ದೇಶಕರಿಗೆ ದಿನಕ್ಕೆ 1,000ದಂತೆ ಬೇರೆ. ಅನುದಾನ ಮಂಜೂರಾದ ಮೇಲೆ ಕಡತ ಪರಿಶೀಲಿಸುವಾಗ ಇದು ಹೊರಬಂದರೆ ಹಣ ಅಲ್ಲೇ ನಿಲ್ಲುತ್ತದೆ.

ಇನ್ನು ನಿಮ್ಮ ಬಜೆಟ್. 10 ಲಕ್ಷವನ್ನು ಉದಾಹರಣೆಗೆ ಹೀಗೆ ಹಂಚಬಹುದು: ಸರ್ಕ್ಯೂಟ್ ಬೋರ್ಡ್ ಮೂರು ಸುತ್ತು 1.2 ಲಕ್ಷ; ಪೆಟ್ಟಿಗೆಯ ಅಚ್ಚು ಮತ್ತು ಪಾಟಿಂಗ್ (ನೀರು ತಾಗದಂತೆ ರಾಳ ತುಂಬುವುದು) 2.3 ಲಕ್ಷ, 20 ಸಾಧನಗಳ ಬಿಡಿಭಾಗ 1.6 ಲಕ್ಷ, ಕ್ಯಾಲಿಬ್ರೇಶನ್ ಮತ್ತು ಲ್ಯಾಬ್ ಪರೀಕ್ಷೆ 1.4 ಲಕ್ಷ, ಹೊರಗಿನವರಿಂದ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಕೆಲಸ 1.5 ಲಕ್ಷ, ಬೋಟಿನಲ್ಲಿ ಪ್ರಯೋಗ 1.5 ಲಕ್ಷ, ಪೇಟೆಂಟ್ 50 ಸಾವಿರ. ಬೋರ್ಡ್ ಒಂದೇ ಸುತ್ತಿನಲ್ಲಿ ಸರಿಯಾಗುತ್ತದೆ ಎಂದು ಬರೆದರೆ ತಿಳಿದವರು ನಗುತ್ತಾರೆ. ಮೊದಲ ಸುತ್ತು ಉಪ್ಪುಗಾಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಹಾಳಾಗುವುದು ಚಿಪ್ ಅಲ್ಲ, ಕೇಬಲ್ ಒಳಹೋಗುವ ಜಾಗ ಮತ್ತು ಕನೆಕ್ಟರ್. ಡಿಎಸ್18ಬಿ20 ಸೆನ್ಸರ್ ಬಳಸುವುದಾದರೆ ಅದರ ನಿಖರತೆ ಅರ್ಧ ಡಿಗ್ರಿ ಆಚೀಚೆ. ಕರಗುತ್ತಿರುವ ಐಸ್ ಮತ್ತು ಶುದ್ಧ ನೀರಿನ ಮಿಶ್ರಣದಲ್ಲಿಟ್ಟು ಸೊನ್ನೆ ಡಿಗ್ರಿಗೆ ಪ್ರತಿಯೊಂದನ್ನೂ ತಾಳೆ ನೋಡಿ ವ್ಯತ್ಯಾಸ ಬರೆದಿಡಿ. ಸೆನ್ಸರ್ ಒಂದೇ ಇಟ್ಟರೆ ಅದು ಐಸಿಗೆ ತಾಗಿಕೊಂಡು ಯಾವಾಗಲೂ ಸೊನ್ನೆಯನ್ನೇ ತೋರಿಸುತ್ತದೆ, ಮೇಲಿನ ಪದರದ ಮೀನು ಬಿಸಿಯಾದದ್ದು ಗೊತ್ತೇ ಆಗುವುದಿಲ್ಲ. ತಳ, ನಡು, ಮುಚ್ಚಳದ ಕೆಳಗೆ ಹೀಗೆ ಮೂರು ಬೇಕು. ದಡ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ಇಲ್ಲವಾದ್ದರಿಂದ ದಾಖಲೆ ಒಳಗೇ ಉಳಿದು ಬಂದರಿಗೆ ಬಂದಾಗ ಹೋಗಬೇಕು. 10 ನಿಮಿಷಕ್ಕೊಮ್ಮೆ, ಮೂರು ಸೆನ್ಸರ್, 10 ದಿನ ಎಂದರೆ 4,320 ಅಂಕಿ. ಯಾವ ಸಣ್ಣ ಮೆಮೊರಿಯಲ್ಲೂ ಹಿಡಿಯುತ್ತದೆ.

ಕೊನೆಗೆ, ಬೆಂಗಳೂರು–ದಿಲ್ಲಿಯ ಸಮಿತಿಗೆ ಹೊಳೆಯದ, ನಿಮಗೆ ಮಾತ್ರ ಗೊತ್ತಿರುವ ವಿಷಯ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಣ ಏಪ್ರಿಲ್‌ನಲ್ಲಿ ಬಂದು, ಆರು ತಿಂಗಳಲ್ಲಿ ಬೋಟಿನ ಪ್ರಯೋಗ ಮುಗಿಸುತ್ತೇವೆ ಎಂದು ಬರೆದುಕೊಟ್ಟಿದ್ದರೆ ಅದರಲ್ಲಿ ಎರಡು ತಿಂಗಳು ದಕ್ಕೆಯಲ್ಲೇ ಹೋಯಿತು. ಲ್ಯಾಬ್ ಪರೀಕ್ಷೆ, ಎರಡನೇ ಸುತ್ತಿನ ಬೋರ್ಡ್ ಇವನ್ನು ಆ ಎರಡು ತಿಂಗಳಿಗೆ ಇಡಿ. ನಿಷೇಧದ ದಿನಾಂಕವನ್ನು ಅರ್ಜಿಯಲ್ಲೇ ಬರೆಯಿರಿ. ಕಸುಬು ಗೊತ್ತಿದ್ದವರು ಬರೆದದ್ದು ಎಂದು ಒಂದೇ ಸಾಲಿನಲ್ಲಿ ತಿಳಿಯುತ್ತದೆ.

*

ಪ್ರಶ್ನೆ: ಸೀಡ್ ಫಂಡಿನಲ್ಲಿ 20 ಲಕ್ಷ ಮತ್ತು 50 ಲಕ್ಷ, ಒಟ್ಟು 70 ಲಕ್ಷ ಉಚಿತವಾಗಿ ಸಿಗುತ್ತದೆ ಅಂತ ಒಂದು ವಿಡಿಯೊದಲ್ಲಿ ಹೇಳಿದರು. ಹೌದಾ?
– ಕದ್ರಿ, ಮಂಗಳೂರು

ಉತ್ತರ: ಅಲ್ಲ. 20 ಲಕ್ಷದವರೆಗಿನದು ಮಾತ್ರ ಅನುದಾನ. 50 ಲಕ್ಷದವರೆಗಿನದು ಮಾರುಕಟ್ಟೆಗೆ ಇಳಿಯಲು, ದೊಡ್ಡದು ಮಾಡಲು. ಅದು ಸಾಲ ಅಥವಾ ಮುಂದೆ ಶೇರಾಗಿ ಬದಲಾಗುವ ಡಿಬೆಂಚರ್ (ಸಾಲಪತ್ರ). ಸಾಲವಾದರೆ ಬಡ್ಡಿ ರೆಪೊ ದರವನ್ನು (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಮೀರುವುದಿಲ್ಲ, ಅವಧಿ ಹೆಚ್ಚೆಂದರೆ 60 ತಿಂಗಳು, ಮೊದಲ 12 ತಿಂಗಳವರೆಗೆ ಕಂತು ಕಟ್ಟದಿರಲು ಅವಕಾಶ ಕೊಡಬಹುದು, ಜಾಮೀನು ಕೇಳುವಂತಿಲ್ಲ. ಒಳ್ಳೆಯ ಸಾಲವೇ. ಆದರೆ ಡಿಬೆಂಚರ್ ಎಂದು ಬರೆದುಕೊಟ್ಟರೆ ಮುಂದೆ ಪಾಲು ಹೋಗುತ್ತದೆ.

*

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ಕಂಪೆನಿಗೆ ಒಂದು ಆಕ್ಸಲರೇಟರ್‌ನಲ್ಲಿ ಸೀಟು ಸಿಕ್ಕಿದೆ. ಜಾಹೀರಾತಿನಲ್ಲಿ ಶೇರು ಬೇಡ ಎಂದಿತ್ತು. ಈಗ ಬಂದ 14 ಪುಟದ ಒಪ್ಪಂದದಲ್ಲಿ 'ವಾರಂಟ್', 'ಮುಂದಿನ ಸುತ್ತಿನಲ್ಲಿ ಹಕ್ಕು' ಅಂತೆಲ್ಲ ಇದೆ. ಸಹಿ ಹಾಕಬಹುದಾ?
– ಬಿಜೈ, ಮಂಗಳೂರು

ಉತ್ತರ: ಓದದೆ ಹಾಕಬೇಡಿ. 'ಶೇರು ಬೇಡ' ಎಂದರೆ 'ಇವತ್ತು ಬೇಡ' ಎಂಬರ್ಥವೂ ಇರುತ್ತದೆ.

ವಾರಂಟ್ ಎಂದರೆ ಮುಂದೊಂದು ದಿನ ಇವತ್ತಿನ ಬೆಲೆಗೆ ನಿಮ್ಮ ಶೇರು ಕೊಳ್ಳುವ ಹಕ್ಕು. ಕಂಪೆನಿ ಬೆಳೆದರೆ ಮಾತ್ರ ಅವರು ಅದನ್ನು ಬಳಸುತ್ತಾರೆ, ಅಂದರೆ ನಿಮಗೆ ನೋವಾಗುವ ಹೊತ್ತಿಗೇ. ಅದರಲ್ಲಿ ಬೆಲೆ, ಶೇಕಡಾವಾರು, ಕೊನೆಯ ದಿನಾಂಕ ಮೂರೂ ಬರೆದಿದೆಯೇ ನೋಡಿ. ಮೂರರಲ್ಲಿ ಒಂದು ಖಾಲಿ ಇದ್ದರೂ ತುಂಬಿಸಿ ಕೊಡಿ ಎನ್ನಿ. 'ಮುಂದಿನ ಸುತ್ತಿನಲ್ಲಿ ಹಕ್ಕು' ಎರಡು ಥರ ಇರುತ್ತದೆ. ಬೇರೆ ಹೂಡಿಕೆದಾರರ ಜೊತೆ ಅದೇ ಬೆಲೆಗೆ ತಾವೂ ಸ್ವಲ್ಪ ಹಾಕುವ ಹಕ್ಕಾದರೆ ಅಷ್ಟು ತೊಂದರೆ ಇಲ್ಲ. ಹೊರಗಿನವರ ಪ್ರಸ್ತಾಪವನ್ನು ಮೊದಲು ತಮಗೆ ತೋರಿಸಬೇಕು, ಬೇಕಾದರೆ ತಾವೇ ಪೂರ್ತಿ ತೆಗೆದುಕೊಳ್ಳುತ್ತೇವೆ ಎನ್ನುವ ಹಕ್ಕಾದರೆ ಬೇರೆ ಹೂಡಿಕೆದಾರರು ನಿಮ್ಮ ಹತ್ತಿರ ಬರಲು ಹಿಂಜರಿಯುತ್ತಾರೆ. ಇದನ್ನು ಅಳಿಸಿ ಎಂದು ಕೇಳಿ.

ಇನ್ನೂ ಮೂರು ಕಡೆ ಬೆರಳಿಟ್ಟು ಓದಿ: ನೀವು ಹಣ ಎತ್ತಿದಾಗ ಅದರಲ್ಲಿ ಇಷ್ಟು ಶೇಕಡಾ ಕಮಿಷನ್ ಎಂಬ ಸಾಲು, ಕಾರ್ಯಕ್ರಮದ ಅವಧಿಯಲ್ಲಿ ಹುಟ್ಟಿದ ಬೌದ್ಧಿಕ ಆಸ್ತಿ ಯಾರದ್ದು ಎಂಬ ಸಾಲು, ನಡುವೆ ಬಿಟ್ಟರೆ ತರಬೇತಿಯ 'ಬೆಲೆ' ಕಟ್ಟಬೇಕೆಂಬ ಸಾಲು.

ಪಾಲು ಕೇಳಿದರೆ ಲೆಕ್ಕ ಸುಲಭ. ಹಣ ಕೊಡದೆ, 5 ಲಕ್ಷದ ಸೇವೆ ಕೊಟ್ಟು ಶೇಕಡಾ 3 ಕೇಳುತ್ತಾರೆ ಎಂದಿಟ್ಟುಕೊಳ್ಳಿ. 5 ಲಕ್ಷವನ್ನು 0.03ರಿಂದ ಭಾಗಿಸಿದರೆ ಸುಮಾರು 1.67 ಕೋಟಿ, ಅಂದರೆ ನಿಮ್ಮ ಇಡೀ ಕಂಪೆನಿಯ ಬೆಲೆ ಅಷ್ಟೇ ಎಂದು ಒಪ್ಪಿದ ಹಾಗೆ. ಹೋಲಿಕೆಗೆ, ಅಮೆರಿಕದ ವೈ ಕಾಂಬಿನೇಟರ್ ಶೇಕಡಾ 7 ಪಾಲಿಗೆ 1,25,000 ಡಾಲರ್ ನಗದು ಕೊಡುತ್ತದೆ, ಅದರ ಮೇಲೆ ಇನ್ನೂ 3,75,000 ಡಾಲರನ್ನು ಮುಂದೆ ಬೆಲೆ ನಿಗದಿಯಾಗುವ ಕರಾರಿನಲ್ಲಿ ಹಾಕುತ್ತದೆ. ಪಾಲು ಕೊಡುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಕೊಟ್ಟದ್ದಕ್ಕೆ ಏನು ಬಂತು ಎಂದು ಕೇಳಿ ಎಂದಷ್ಟೇ. ನಿಜವಾಗಿಯೂ ಪಾಲು ತೆಗೆದುಕೊಳ್ಳದ ಕಾರ್ಯಕ್ರಮಗಳೂ ಇವೆ. ಗೂಗಲ್ ಫಾರ್ ಸ್ಟಾರ್ಟಪ್ಸ್ ಆಕ್ಸಲರೇಟರ್, ಎನ್‌ವಿಡಿಯಾ ಇನ್ಸೆಪ್ಷನ್ ಅಂಥವು. ಅಲ್ಲಿ ನಗದು ನಿರೀಕ್ಷಿಸಬೇಡಿ, ಸಿಗುವುದು ಮಾರ್ಗದರ್ಶನ, ಸಂಪರ್ಕ, ಕ್ಲೌಡ್ ಕ್ರೆಡಿಟ್ (ಅಂತರ್ಜಾಲದ ಬಾಡಿಗೆ ಸರ್ವರ್‌ಗಳನ್ನು ಇಷ್ಟು ಮೊತ್ತದವರೆಗೆ ಉಚಿತವಾಗಿ ಬಳಸುವ ಅವಕಾಶ) ಮುಂತಾದ ಸವಲತ್ತು.

*

ಪ್ರಶ್ನೆ: ಅನುದಾನ ಖಾತ್ರಿ, ಅರ್ಜಿ ತಯಾರಿಗೆ 50,000 ಮುಂಗಡ, ಬಂದ ಹಣದಲ್ಲಿ ಶೇಕಡಾ 10 ಎಂದು ಒಬ್ಬರು ಕನ್ಸಲ್ಟೆಂಟ್ ಹೇಳುತ್ತಿದ್ದಾರೆ. ಕೊಡಬಹುದೇ?
– ಹೆಸರು ಬೇಡ, ಕುಂದಾಪುರ

ಉತ್ತರ: ಬೇಡ. ಡಿಪಿಐಐಟಿ ಮಾನ್ಯತೆ ಉಚಿತ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಉಚಿತ, ಸೀಡ್ ಫಂಡ್ ಯೋಜನೆಯಲ್ಲಿ ಇನ್‌ಕ್ಯುಬೇಟರ್ ಒಂದು ರೂಪಾಯಿ ಶುಲ್ಕವನ್ನೂ ತೆಗೆದುಕೊಳ್ಳುವಂತಿಲ್ಲ. ಶೇಕಡಾ 10ನ್ನು ಅನುದಾನದ ಖಾತೆಯಿಂದ ಕೊಟ್ಟರೆ ಅದು ಯಾವ ಲೆಕ್ಕಶೀರ್ಷಿಕೆಗೂ ಹೊಂದುವುದಿಲ್ಲ, ಆಡಿಟ್‌ನಲ್ಲಿ ಸಿಕ್ಕಿಬೀಳುವವರು ನೀವು, ಅವರಲ್ಲ. ಕಂಪೆನಿ ನೋಂದಣಿ, ಲೆಕ್ಕಪತ್ರಕ್ಕೆ ಸಿಎ ಒಬ್ಬರಿಗೆ ಫೀಸು ಕೊಡಿ, ಅದು ಬೇರೆ ಮಾತು.

*

ಪ್ರಶ್ನೆ: ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ತಿರಸ್ಕೃತ. ಕಾರಣ ಹೇಳಲಿಲ್ಲ. ನಮ್ಮದು ಸಣ್ಣ ಹೋಟೆಲುಗಳಿಗೆ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್. 20 ಲಕ್ಷ ಕೇಳಿದ್ದೆವು.
– ಸಂತೆಕಟ್ಟೆ, ಉಡುಪಿ

ಉತ್ತರ: ನೀವು ಜೊತೆಗೆ ಕಳಿಸಿದ ಅರ್ಜಿಯ ಪ್ರತಿ ನೋಡಿದೆವು. ಮೊದಲ ಪುಟದಲ್ಲಿ ಭಾರತದ ಹೋಟೆಲ್ ಉದ್ಯಮ ಎಷ್ಟು ಲಕ್ಷ ಕೋಟಿಯದ್ದು ಎಂದಿದೆ. ಉಡುಪಿಯ ಒಂದು ಹೋಟೆಲಿನಲ್ಲಿ ದಿನಕ್ಕೆ ಎಷ್ಟು ಹಿಟ್ಟು ಉಳಿದು ಹುಳಿಯಾಗಿ ಹೋಗುತ್ತದೆ ಎಂಬುದು ಎಲ್ಲೂ ಇಲ್ಲ. ಸಮಿತಿಗೆ ಬೇಕಾದದ್ದು ಎರಡನೆಯದು.

ಬೀಜಧನದ ಅನುದಾನ ಎಂದರೆ ಒಂದು ಪರೀಕ್ಷೆಗೆ ಕೊಡುವ ಹಣ. ಯಾವ ಸಂಗತಿ ಇನ್ನೂ ಸಾಬೀತಾಗಿಲ್ಲ, ಅದನ್ನು ಹೇಗೆ ಪರೀಕ್ಷಿಸುತ್ತೀರಿ, ಯಾವ ಅಂಕಿ ಬಂದರೆ ಗೆದ್ದ ಹಾಗೆ, ಎಷ್ಟು ತಿಂಗಳು, ಎಷ್ಟು ಖರ್ಚು – ಇಷ್ಟು ಇದ್ದರೆ ಅರ್ಜಿ. ನಿಮ್ಮ ಸಾಲು ಹೀಗಿದೆ: 'ಕೃತಕ ಬುದ್ಧಿಮತ್ತೆಯಿಂದ ಹೋಟೆಲುಗಳ ನಷ್ಟವನ್ನು ಗಣನೀಯವಾಗಿ ತಗ್ಗಿಸುತ್ತೇವೆ.' ಇದನ್ನು ಹೀಗೆ ತಿದ್ದಿ: 'ಉಡುಪಿ ನಗರದ 12 ಹೋಟೆಲುಗಳಲ್ಲಿ ಮೊದಲ 4 ವಾರ ಉಳಿದ ಹಿಟ್ಟು, ಪಲ್ಯ, ಸಾಂಬಾರನ್ನು ದಿನಾ ತೂಗಿ ಬರೆಯುತ್ತೇವೆ. ನಂತರದ 12 ವಾರ ನಮ್ಮ ಅಂದಾಜಿನ ಪ್ರಕಾರ ರುಬ್ಬಿಸುತ್ತೇವೆ. ಉಳಿಕೆ ಕನಿಷ್ಠ 7 ಹೋಟೆಲುಗಳಲ್ಲಿ ಕಾಲು ಭಾಗ ಇಳಿದರೆ ಮುಂದಿನ ಹಂತಕ್ಕೆ ಹೋಗುತ್ತೇವೆ.' ಇಳಿಯದಿದ್ದರೆ? ಅದನ್ನೂ ಒಂದು ಸಾಲಿನಲ್ಲಿ ಹೇಳಿ. ಸೋಲಬಹುದಾದ ಪರೀಕ್ಷೆಯೇ ನಂಬಿಕೆಗೆ ಅರ್ಹ. ಏಕಾದಶಿ, ಪರ್ಯಾಯದ ದಿನ, ಶಾಲೆಗಳ ರಜೆ ಬಂದಾಗ ವ್ಯಾಪಾರ ಹೇಗೆ ತಲೆಕೆಳಗಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆ ತಿಳಿವಳಿಕೆಯೇ ನಿಮ್ಮ ಬಂಡವಾಳ, ಅದನ್ನು ಅರ್ಜಿಯಿಂದ ಹೊರಗಿಟ್ಟಿದ್ದೀರಿ.

ಇನ್ನೊಂದು, 20 ಲಕ್ಷ ಎಂಬ ದುಂಡು ಅಂಕಿ. ಯೋಜನೆಯ ಗರಿಷ್ಠ ಮಿತಿಯನ್ನೇ ಕೇಳಿದವರನ್ನು ಕಂಡರೆ, ಖರ್ಚು ಲೆಕ್ಕ ಹಾಕಿ ಮೊತ್ತಕ್ಕೆ ಬಂದದ್ದಲ್ಲ, ಮೊತ್ತ ನೋಡಿ ಖರ್ಚು ಹುಡುಕಿದ್ದು ಎಂದು ತಿಳಿಯುತ್ತದೆ. ನಿಮ್ಮ ಬಜೆಟ್ಟಿನಲ್ಲಿ ಕಚೇರಿ ಒಳಾಂಗಣಕ್ಕೆ 3 ಲಕ್ಷ ಇದೆ. ಸೀಡ್ ಫಂಡಿನ ಹಣದಲ್ಲಿ ಕಟ್ಟಡ, ಸೌಕರ್ಯ ಮಾಡಿಕೊಳ್ಳುವಂತಿಲ್ಲ ಎಂದು ಮಾರ್ಗಸೂಚಿಯೇ ಹೇಳುತ್ತದೆ. ಆ ಒಂದು ಸಾಲಿಗೇ ಅರ್ಜಿ ಬಿದ್ದಿರಬಹುದು. ಕೊಟೇಶನ್‌ಗಳಲ್ಲಿ ಜಿಎಸ್‌ಟಿ ಸೇರಿಸಿಲ್ಲ. ಶೇಕಡಾ 18ರಂತೆ 4 ಲಕ್ಷದ ಸಾಮಾನಿಗೆ 4.72 ಲಕ್ಷ ಬೇಕು. ಆ 72 ಸಾವಿರ ಎಲ್ಲಿಂದ ತರುತ್ತೀರಿ?

ಮುಂದಿನ ಸಲಕ್ಕೆ ಮೂರು ಹೋಟೆಲ್ ಮಾಲೀಕರಿಂದ ಪತ್ರ ತನ್ನಿ. 'ಒಳ್ಳೆಯ ಹುಡುಗರು, ಒಳ್ಳೆಯ ಯೋಜನೆ' ಎಂಬ ಪತ್ರ ಬೇಡ. 'ನಮ್ಮಲ್ಲಿ 16 ವಾರ ಪ್ರಯೋಗ ಮಾಡಲು ಒಪ್ಪಿದ್ದೇವೆ, ಸರಿಯಾದರೆ ತಿಂಗಳಿಗೆ ಇಷ್ಟು ರೂಪಾಯಿ ಕೊಡುತ್ತೇವೆ' ಎಂದು ಇರಲಿ. ಸೀಡ್ ಫಂಡಿಗೆ ಒಂದೇ ಸಲಕ್ಕೆ ಮೂರು ಇನ್‌ಕ್ಯುಬೇಟರ್‌ಗಳನ್ನು ಆದ್ಯತೆಯ ಕ್ರಮದಲ್ಲಿ ಆರಿಸಬಹುದು. ಮೂರೂ ದೊಡ್ಡ ಹೆಸರಿನವೇ ಆಗಬೇಕಿಲ್ಲ. ನಿಮ್ಮ ಕ್ಷೇತ್ರದ ಕಂಪೆನಿಗಳಿಗೆ ಹಿಂದೆ ಹಣ ಕೊಟ್ಟಿರುವವನ್ನು ಹುಡುಕಿ.

*

ಪ್ರಶ್ನೆ: ಇದಕ್ಕೆಲ್ಲ ಬೆಂಗಳೂರಿಗೆ ಹೋಗಲೇಬೇಕಾ? ಇಲ್ಲಿ ಯಾವ ಇನ್‌ಕ್ಯುಬೇಟರ್ ಉಂಟು?
– ಮೂಡುಬಿದಿರೆ

ಉತ್ತರ: ಹೋಗಬೇಕಾಗಿಲ್ಲ, ಪಿಚ್‌ಗೆ (ಸಮಿತಿಯ ಮುಂದೆ ಯೋಜನೆ ಮಂಡಿಸಲು) ಒಂದೆರಡು ಸಲ ರಾತ್ರಿ ಬಸ್ಸು ಹಿಡಿಯಬೇಕಾದೀತು. ಸುರತ್ಕಲ್ ಎನ್‌ಐಟಿಕೆಯಲ್ಲಿ ಸ್ಟೆಪ್, ಮಣಿಪಾಲದಲ್ಲಿ ಮಣಿಪಾಲ್ ಯುನಿವರ್ಸಲ್ ಟೆಕ್ನಾಲಜಿ ಬಿಸಿನೆಸ್ ಇನ್‌ಕ್ಯುಬೇಟರ್ ಮತ್ತು ರಾಜ್ಯ ಸರಕಾರದ ಜೊತೆಗೂಡಿದ ಬಯೋ ಇನ್‌ಕ್ಯುಬೇಟರ್, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಅಟಲ್ ಇನ್‌ಕ್ಯುಬೇಶನ್ ಸೆಂಟರ್ ಇವೆ. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ತನ್ನ 'ಬಿಯಾಂಡ್ ಬೆಂಗಳೂರು' ಕೆಲಸದಲ್ಲಿ ಮಂಗಳೂರನ್ನು ಒಂದು ಕ್ಲಸ್ಟರ್ ಎಂದು ಇಟ್ಟುಕೊಂಡಿದೆ. ಎಲಿವೇಟ್‌ಗೆ ಬೇಕಾದದ್ದು ಕರ್ನಾಟಕದಲ್ಲಿ ನೋಂದಣಿ ಮತ್ತು ಸ್ಟಾರ್ಟಪ್ ಕರ್ನಾಟಕದ ಸ್ಟಾರ್ಟಪ್ ಸೆಲ್‌ನಲ್ಲಿ ಹೆಸರು, ಬೆಂಗಳೂರಿನ ವಿಳಾಸವಲ್ಲ.

ಇನ್‌ಕ್ಯುಬೇಟರ್ ಸೇರುವ ಮೊದಲು ಅಲ್ಲಿ ಈಗಾಗಲೇ ಇರುವ ಇಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ: ಮಂಜೂರಾದ ಮೇಲೆ ಹಣ ಎಷ್ಟು ದಿನಕ್ಕೆ ಬಂತು, ಯಂತ್ರಗಳು ನಿಜವಾಗಿ ಓಡುತ್ತವೆಯೇ ಅಥವಾ ಬೋರ್ಡಿನಲ್ಲಿ ಹೆಸರು ಮಾತ್ರವೇ, ಸಂಜೆ 5ರ ಮೇಲೆ ಲ್ಯಾಬ್ ತೆರೆದಿರುತ್ತದೆಯೇ, ಪಾಲು ಕೇಳುತ್ತಾರೆಯೇ. ನಾಲ್ಕನೆಯದನ್ನು ಲಿಖಿತವಾಗಿಯೂ ಕೇಳಿ. ಅನುದಾನಕ್ಕೆ ಪಾಲು ಇಲ್ಲದಿದ್ದರೂ ಇನ್‌ಕ್ಯುಬೇಶನ್‌ಗೆಂದು ಪ್ರತ್ಯೇಕವಾಗಿ ಪಾಲು ತೆಗೆದುಕೊಳ್ಳುವ ಪದ್ಧತಿ ಕೆಲವು ಕಡೆ ಇದೆ.

*

ಪ್ರಶ್ನೆ: ನಾನು ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ. ಗಾಯದ ಆರೈಕೆಗೆ ಒಂದು ಸಾಧನದ ಕಲ್ಪನೆ ಇದೆ. ಮುಂದಿನ ತಿಂಗಳು ಸಮ್ಮೇಳನದಲ್ಲಿ ಪೋಸ್ಟರ್ ಹಾಕುತ್ತಿದ್ದೇನೆ. ಬಿಗ್ ಅನುದಾನದ ಬಗ್ಗೆ ತಿಳಿಸಿ.
– ದೇರಳಕಟ್ಟೆ

ಉತ್ತರ: ಡಾಕ್ಟ್ರೇ, ಮೊದಲು ಪೋಸ್ಟರ್ ನಿಲ್ಲಿಸಿ, ಇಲ್ಲವೇ ಅದಕ್ಕೆ ಮುಂಚೆ ಪೇಟೆಂಟಿನ ತಾತ್ಕಾಲಿಕ ಅರ್ಜಿ ಹಾಕಿ. ಬಹಿರಂಗವಾದ ಮೇಲೆ ಹೊಸತನ ಹೋಯಿತು ಎಂದು ಅರ್ಜಿ ಬೀಳುವ ಅಪಾಯ ದೊಡ್ಡದು. ವ್ಯಕ್ತಿಗೂ ಸ್ಟಾರ್ಟಪ್‌ಗೂ ಆನ್‌ಲೈನ್ ಶುಲ್ಕ 1,600 ರೂಪಾಯಿ ಮಾತ್ರ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಬೇಕು, ಇಲ್ಲವಾದರೆ ಅರ್ಜಿ ಕೈಬಿಟ್ಟಂತೆ. ಚಿಕಿತ್ಸೆಯ ವಿಧಾನಕ್ಕೆ ನಮ್ಮ ಕಾಯ್ದೆಯಲ್ಲಿ ಪೇಟೆಂಟ್ ಇಲ್ಲ, ಸಾಧನಕ್ಕೆ ಇದೆ. ಬರೆಯುವಾಗ ಸಾಧನವನ್ನೇ ವರ್ಣಿಸಿ. ಅದಕ್ಕೂ ಮೊದಲು ನಿಮ್ಮ ಕಾಲೇಜಿನ ಬೌದ್ಧಿಕ ಆಸ್ತಿ ನೀತಿ ಓದಿ. ಕಾಲೇಜಿನ ಲ್ಯಾಬ್, ರೋಗಿಗಳ ಮಾಹಿತಿ, ಮಾರ್ಗದರ್ಶಕರ ಸಮಯ ಬಳಸಿದ್ದರೆ ಹಕ್ಕು ಕಾಲೇಜಿನದ್ದೋ ಜಂಟಿಯೋ ಆಗಿರಬಹುದು. ನಿರಾಕ್ಷೇಪಣಾ ಪತ್ರವನ್ನು ಈಗಲೇ ಕೇಳಿ. ಅನುದಾನ ಬಂದ ಮೇಲೆ ಕೇಳಿದರೆ ಎಲ್ಲರಿಗೂ ಅದರ ಬೆಲೆ ಗೊತ್ತಾಗಿರುತ್ತದೆ.

ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಬೈರಾಕ್ ಸಂಸ್ಥೆ ಕೊಡುವ ಬಿಗ್ (ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್) ಅನುದಾನ 50 ಲಕ್ಷದವರೆಗೆ, 18 ತಿಂಗಳಿಗೆ. ಅರ್ಜಿ ಕರೆಯುವುದು ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ರಿಂದ, ಸುಮಾರು ಒಂದೂವರೆ ತಿಂಗಳು. ಹಣ ಕೊಟ್ಟು ನಿಗಾ ಇಡುವುದು ಪಾಲುದಾರ ಸಂಸ್ಥೆಗಳ ಮೂಲಕ. ಬೆಂಗಳೂರಿನ ಸಿ-ಕ್ಯಾಂಪ್ ಅವುಗಳಲ್ಲಿ ಒಂದು. ಅರ್ಜಿಗಳಲ್ಲಿ ಹೆಚ್ಚಾಗಿ ತಪ್ಪುವುದು ವೇಳಾಪಟ್ಟಿ. ಮನುಷ್ಯರ ಮೇಲೆ ಪ್ರಯೋಗ ಎಂದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದು ತನ್ನ ದಿನಕ್ಕೇ ಕೂರುತ್ತದೆ, ಪ್ರಶ್ನೆ ಕೇಳಿ ವಾಪಸ್ ಕಳಿಸುತ್ತದೆ. 18ರಲ್ಲಿ ಕನಿಷ್ಠ 3 ತಿಂಗಳನ್ನು ಅದಕ್ಕೇ ಬಿಡಿ, ಆ ಹೊತ್ತಿಗೆ ಮೇಜಿನ ಪರೀಕ್ಷೆಗಳನ್ನು ಇಟ್ಟುಕೊಳ್ಳಿ. 2017ರ ವೈದ್ಯಕೀಯ ಸಾಧನಗಳ ನಿಯಮದ ಪ್ರಕಾರ ನಿಮ್ಮದು ಎ, ಬಿ, ಸಿ, ಡಿ ಇವುಗಳಲ್ಲಿ ಯಾವ ಅಪಾಯದ ವರ್ಗ ಎಂಬುದನ್ನೂ ಅರ್ಜಿಯಲ್ಲಿ ಬರೆಯಿರಿ.

*

ಪ್ರಶ್ನೆ: ಅಡಿಕೆ ಒಣಗಿಸುವ ಯಂತ್ರ ಮಾಡಿದ್ದೇನೆ. ಕೃಷಿ ಸ್ಟಾರ್ಟಪ್‌ಗೆ ಬೇರೆ ಅನುದಾನ ಉಂಟಂತೆ?
– ಬಜಗೋಳಿ, ಕಾರ್ಕಳ

ಉತ್ತರ: ಉಂಟು. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಅಡಿಯಲ್ಲಿ ಕಲ್ಪನೆಯ ಹಂತಕ್ಕೆ 5 ಲಕ್ಷ, ಸೀಡ್ ಹಂತಕ್ಕೆ 25 ಲಕ್ಷದವರೆಗೆ. ಅದರ ಜ್ಞಾನ ಪಾಲುದಾರ ಸಂಸ್ಥೆಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಒಂದು, ಕನ್ನಡದಲ್ಲೇ ಮಾತಾಡಿ ಕೇಳಬಹುದು.

ಯಂತ್ರ ಓಡುತ್ತದೆ ಎಂಬುದು ಸಾಕಾಗುವುದಿಲ್ಲ. ಅಂಗಳದ ಬಿಸಿಲಿನಲ್ಲಿ ಚಾಲಿ (ಸಿಪ್ಪೆಸಹಿತ ಒಣಗಿಸುವ ಹಣ್ಣಡಿಕೆ) ಒಣಗಲು ಸುಮಾರು 40 ದಿನ. ಅದರ ಎದುರು ನಿಮ್ಮ ಯಂತ್ರವನ್ನು ನಿಲ್ಲಿಸಿ. ಒಂದೇ ತೋಟ, ಒಂದೇ ದಿನದ ಕೊಯ್ಲು, 100 ಕಿಲೋ ಯಂತ್ರಕ್ಕೆ, 100 ಕಿಲೋ ಅಂಗಳಕ್ಕೆ. ದಿನಾ ತೂಕ, ಕೊನೆಗೆ ತೇವಾಂಶ, ಸುಟ್ಟ ಕಟ್ಟಿಗೆ ಅಥವಾ ಕರೆಂಟಿನ ಯೂನಿಟ್. ಸುಲಿದ ಮೇಲೆ ಎಷ್ಟು ಒಳ್ಳೆಯ ಚಾಲಿ, ಎಷ್ಟು ಪಟೋರ, ಉಳ್ಳಿಗಡ್ಡೆ, ಕರಿಗೋಟು (ಕೆಳದರ್ಜೆಯ ಅಡಿಕೆಗಳು) ಎಂದು ವಿಂಗಡಿಸಿ ತೂಗಿ. ಆ ಎರಡು ರಾಶಿಗಳ ಅಂದಿನ ಪೇಟೆ ಬೆಲೆಯ ವ್ಯತ್ಯಾಸವೇ ನಿಮ್ಮ ಅರ್ಜಿಯ ಜೀವಾಳ. ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದವರಿಗೆ ಒಮ್ಮೆ ತೋರಿಸಿ ಅವರ ಅಭಿಪ್ರಾಯ ಪಡೆದರೆ ಹತ್ತು ರೈತರ ಹೊಗಳಿಕೆಗಿಂತ ತೂಕ. ಕೊಯ್ಲು ತಪ್ಪಿದರೆ ಪ್ರಯೋಗ ಮುಂದಿನ ವರ್ಷಕ್ಕೆ ಹೋಗುತ್ತದೆ; ಹಣ ಬರಲಿ, ಆಮೇಲೆ ನೋಡುವ ಎಂದು ಕೂರಬೇಡಿ.

*

ಪ್ರಶ್ನೆ: ಕ್ಲೌಡ್ ಕ್ರೆಡಿಟ್ ಸಿಕ್ಕಿದೆ. ಅದನ್ನು ಹೇಗೆ ಬಳಸುವುದು ಒಳ್ಳೆಯದು?
– ಕೊಟ್ಟಾರ, ಮಂಗಳೂರು

ಉತ್ತರ: ಅದು ದುಡ್ಡಲ್ಲ, ಕೂಪನ್, ಅವಧಿ ಮುಗಿದರೆ ಉಳಿದದ್ದು ಸೊನ್ನೆ. ಮೊದಲ ದಿನವೇ ಅವಧಿ ಮುಗಿಯುವ ದಿನಾಂಕ ಬರೆದಿಟ್ಟು, ಬಿಲ್ ಅಲಾರಂ ಹಾಕಿ. ಉಚಿತ ಎಂದು ದೊಡ್ಡ ಸರ್ವರ್, ಮೂರು ಡೇಟಾಬೇಸ್ ಎಬ್ಬಿಸಿದರೆ ಕ್ರೆಡಿಟ್ ಮುಗಿದ ತಿಂಗಳು ಬಿಲ್ ನಿಮ್ಮ ಕಾರ್ಡಿಗೆ ಬರುತ್ತದೆ. ಕ್ರೆಡಿಟ್ ಇಲ್ಲದಿದ್ದರೆ ಎಷ್ಟು ಆಗುತ್ತಿತ್ತು ಎಂಬುದನ್ನು ಪ್ರತಿ ತಿಂಗಳು ಲೆಕ್ಕದಲ್ಲಿ ತೋರಿಸಿ, ಗ್ರಾಹಕರಿಗೆ ಬೆಲೆ ಹೇಳುವಾಗ ಅದನ್ನೇ ಹಿಡಿಯಿರಿ.

*

ಪ್ರಶ್ನೆ: ಮಾರ್ಚ್ ತಿಂಗಳಲ್ಲಿ 8 ಲಕ್ಷದ ಮೊದಲ ಕಂತು ಬಂತು. ಅದರಲ್ಲಿ 2 ಲಕ್ಷ ಮಾತ್ರ ಖರ್ಚಾಗಿದೆ. ತೆರಿಗೆ ಕಟ್ಟಬೇಕೇ? ಎರಡನೇ ಕಂತಿಗೆ ಬಳಕೆ ಪ್ರಮಾಣಪತ್ರ ಕೇಳಿದ್ದಾರೆ, ಪ್ರಯೋಗವೂ ಒಂದೂವರೆ ತಿಂಗಳು ಹಿಂದೆ ಬಿದ್ದಿದೆ.
– ಮಣಿಪಾಲ

ಉತ್ತರ: ಸರಕಾರದ ಅನುದಾನ ಆದಾಯವಲ್ಲ ಎಂಬ ನಂಬಿಕೆ ಹಳೆಯದು. ಸರಕಾರದ ಸಬ್ಸಿಡಿ, ಅನುದಾನಗಳು 2016-17ರ ತೆರಿಗೆ ನಿರ್ಧಾರ ವರ್ಷದಿಂದ ಆದಾಯದ ವ್ಯಾಖ್ಯೆಗೆ ಸೇರಿವೆ. ಯಂತ್ರ ಕೊಳ್ಳಲು ಬಂದ ಭಾಗವನ್ನು ಮಾತ್ರ ಯಂತ್ರದ ಬೆಲೆಯಿಂದ ಕಳೆಯಬೇಕು. ಮತ್ತೆ ಅದರ ಮೇಲೆ ಸವಕಳಿ ಕೇಳುವಂತಿಲ್ಲ. ದಿನದ ಖರ್ಚಿಗೆ ಬಂದದ್ದು, ಖರ್ಚಾದಂತೆ ಆದಾಯ–ವೆಚ್ಚ ಎರಡೂ ಕಡೆ ಬರುತ್ತದೆ. ಉಳಿದ 6 ಲಕ್ಷ ಷರತ್ತುಗಳಿಗೆ ಬದ್ಧವಾದದ್ದು, ವಾಪಸು ಕೇಳಬಹುದಾದದ್ದು. ಅದನ್ನು ಮಾರ್ಚ್ 31ರ ಲೆಕ್ಕದಲ್ಲಿ ಹೊಣೆಗಾರಿಕೆ ಎಂದು ತೋರಿಸುವ ಬಗ್ಗೆ ಮಂಜೂರಾತಿ ಪತ್ರವನ್ನು ಮುಂದಿಟ್ಟು ಸಿಎ ಜೊತೆ ಕೂತು ನಿರ್ಧರಿಸಿ. ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ಕಳಿಸಿದರೆ ಅವರು 8 ಲಕ್ಷವನ್ನೂ ಮಾರಾಟ ಎಂದು ಬರೆದುಬಿಟ್ಟಾರು.

ಬಳಕೆ ಪ್ರಮಾಣಪತ್ರ ಸಾಮಾನ್ಯವಾಗಿ ಕೇಂದ್ರದ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಇರುತ್ತದೆ. ಅನುದಾನಕ್ಕೆ ಪ್ರತ್ಯೇಕ ಖಾತೆ ಇಟ್ಟಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಖಾತೆಗೆ ಬಂದ ಬಡ್ಡಿ ನಿಮ್ಮದಲ್ಲ, ಅದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ ವಾಪಸು ಕೊಡಬೇಕು. ಬಿಲ್ಲುಗಳು ಕಂಪೆನಿಯ ಹೆಸರಿನಲ್ಲಿರಲಿ, ಸ್ಥಾಪಕರ ಹೆಸರಿನಲ್ಲಿ ಬೇಡ. ಮಂಜೂರಾತಿಯ ದಿನಕ್ಕಿಂತ ಮೊದಲಿನ ಬಿಲ್ಲು ನಡೆಯುವುದಿಲ್ಲ. ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ಒಂದು ಲೆಕ್ಕಶೀರ್ಷಿಕೆಯಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಬಳಸಬೇಕಿದ್ದರೆ ಮೊದಲು ಲಿಖಿತ ಒಪ್ಪಿಗೆ, ಆಮೇಲೆ ಖರೀದಿ. ಎಷ್ಟೋ ಕಡತಗಳು ಇಲ್ಲೇ ಸಿಕ್ಕಿಕೊಳ್ಳುತ್ತವೆ: ಬಿಡಿಭಾಗದ ಹಣದಲ್ಲಿ ಲ್ಯಾಪ್‌ಟಾಪ್ ಕೊಂಡಿರುತ್ತಾರೆ, ಲ್ಯಾಪ್‌ಟಾಪ್ ಅಗತ್ಯವೇ ಆಗಿರುತ್ತದೆ, ಆದರೂ ಪಟ್ಟಿಯಲ್ಲಿ ಇರುವುದಿಲ್ಲ.

ಪ್ರಯೋಗ ಹಿಂದೆ ಬಿದ್ದದ್ದನ್ನು ಮುಚ್ಚಿಟ್ಟು ಪ್ರಮಾಣಪತ್ರ ಕಳಿಸಬೇಡಿ. ಗಡುವು ಮುಗಿಯುವ ಮೊದಲೇ ಇನ್‌ಕ್ಯುಬೇಟರ್‌ಗೆ ಒಂದು ಪುಟ ಬರೆಯಿರಿ: ಒಪ್ಪಿಕೊಂಡ ಕೆಲಸ ಏನು, ಇವತ್ತಿಗೆ ಎಷ್ಟಾಗಿದೆ, ಯಾವ ಬಿಡಿಭಾಗ ಅಥವಾ ಯಾವ ಒಪ್ಪಿಗೆ ತಡವಾಯಿತು, ಹೊಸ ದಿನಾಂಕ ಯಾವುದು, ಹೆಚ್ಚು ಹಣ ಬೇಕಿಲ್ಲ ಎಂಬ ಒಂದು ಸಾಲು. ತಡವಾದದ್ದಕ್ಕೆ ಪುರಾವೆಯಾಗಿ ಮಾರಾಟಗಾರರ ಮಿಂಚಂಚೆ ಲಗತ್ತಿಸಿ. ಗಡುವಿಗೆ ಮೊದಲು ಬಂದ ಪತ್ರಕ್ಕೆ ಅವಧಿ ವಿಸ್ತರಣೆ ಎಂದು ಹೆಸರು, ಆಮೇಲೆ ಬಂದದ್ದಕ್ಕೆ ಷರತ್ತು ಉಲ್ಲಂಘನೆ ಎಂದು. ಪತ್ರ ತಲುಪಿದ್ದಕ್ಕೆ ಸ್ವೀಕೃತಿ ತೆಗೆದುಕೊಂಡು ಕಡತದಲ್ಲಿ ಇಡಿ.